ಮೂಗು ಚಾಚದ ಕ್ಯಾಮೆರಾ

ಮಂಗಳವಾರ, ಮಧ್ಯಾಹ್ನ

ನನ್ನ ಗಿಳಿಮೂಗಿಗೆ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಇರುವ ಒಬ್ಬಳೇ ಮೊಮ್ಮಗಳಿಗೆ ಎರಡನ್ನೂ ಧಾರಾಳವಾಗಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಎರಡು ಮಾತಿಗೇ “ಅಜ್ಜೀ, ಇಡ್ಲಾ?” ಅನ್ನುತ್ತೀಯ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಕಳಿಸಿದ ಚಿತ್ರ ತಲುಪಿತು. ಪ್ರದರ್ಶನದಲ್ಲಿ ಜನ ನಿಂತು ನಿಂತು ನೋಡಿದರು ಅಂತ ಬರೆದಿದ್ದೀಯ. ಏನು ನೋಡಿದರೋ! ಕಿಟಕಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತ ಒಂದು ಮುದುಕಿ. ತಲೆ ಬಾಚಿಲ್ಲ, ಕನ್ನಡಕ ಮೂಗಿನ ತುದಿಗೆ ಜಾರಿದೆ, ಮುಖ ಹರಳೆಣ್ಣೆ ಕುಡಿದ ಹಾಗಿದೆ. ಕೆಳಗೆ ‘ನಿರೀಕ್ಷೆ’ ಅಂತ ಹೆಸರು ಬೇರೆ. ಎದುರಿನ ಅಂಗಡಿಯ ದರ್ಜಿಗೆ ತೋರಿಸಿದರೆ, “ಥೇಟ್ ನೀವೇ ಅಮ್ಮಾ!” ಅಂದ. ಹೊಗಳಿದನೋ ಬೈದನೋ, ಇನ್ನೂ ಯೋಚಿಸುತ್ತಿದ್ದೇನೆ.

ಈಗ ಬೈಗುಳ. ಹಳೆಯ ಪುಟ್ಟ ಕ್ಯಾಮೆರಾವನ್ನು ಮಾರಿದ್ದೀಯಂತೆ, ಕ್ಯಾಮೆರಾ ಅಂಗಡಿಯವನು ಬಂದರೆ ತೆಗೆದುಕೊಡಬೇಕಂತೆ. ಶುಕ್ರವಾರ ಬಂದಿದ್ದ. “ಅವಳೇ ತಗೊಂಡು ಹೋದ್ಲಪ್ಪಾ” ಅಂದುಬಿಟ್ಟೆ. ಪಾಪ, ಚಹಾ ಕುಡಿಯುತ್ತಾ ಕೂತ. ಕ್ಯಾಮೆರಾ ಅವನ ಬೆನ್ನ ಹಿಂದೆ, ಗಡಿಯಾರದ ಪಕ್ಕದಲ್ಲೇ ಕೂತಿತ್ತು. “ಅದಕ್ಕೆ ಜೂಮ್ ಇಲ್ಲಮ್ಮಾ, ಅದಕ್ಕೇ ಅವ್ರಿಗೆ ಬೇಜಾರು” ಅಂದ. ಹಾಗಂದರೇನು ಅಂತ ಕೇಳಿದೆ. “ದೂರದ್ದನ್ನ ಹತ್ರ ಎಳ್ಕೊಳ್ಳಲ್ಲ. ನಾವೇ ನಡ್ಕೊಂಡು ಹತ್ರ ಹೋಗ್ಬೇಕು” ಅಂದ.

ಹಾಗಾದರೆ ಅದನ್ನು ಖಂಡಿತ ಕೊಡುವುದಿಲ್ಲ.

ನೀನು ಇಲ್ಲೇ ಇದ್ದಾಗ ಕೊಟ್ಟ ಕಾಟ ಒಂದೇ ಎರಡೇ? ಊಟದ ತಟ್ಟೆ ಮುಂದಿಟ್ಟುಕೊಂಡು, “ತಡಿ ಅಜ್ಜೀ, ಬೆಳಕು ಬರ್ಲಿ” ಅಂತ ಎಲ್ಲ ತಣ್ಣಗಾಗಿಸುತ್ತಿದ್ದೆ. ಕ್ಯಾಮೆರಾ ಒರೆಸಲು ರೇಷ್ಮೆಯಂಥ ಬಟ್ಟೆ, ನಿನ್ನ ಮುಖ ಒರೆಸಲು ನನ್ನ ಸೆರಗಿನ ತುದಿ. ನನ್ನ ಮುಖದ ಹತ್ತಿರ, ಇನ್ನೂ ಹತ್ತಿರ ಬಂದು, ಒಂದು ಕಣ್ಣು ಮುಚ್ಚಿ, “ಉಸಿರು ಹಿಡ್ಕೋ” ಅನ್ನುತ್ತಿದ್ದೆ. ನಾನು ಹಿಡಿದುಕೊಳ್ಳುತ್ತಿದ್ದೆ. ನಿನ್ನ ಉಸಿರು ಮಾತ್ರ ನನ್ನ ಕೆನ್ನೆಗೆ ತಗಲುತ್ತಿತ್ತು.

ಕೆಲಸ ಸಿಕ್ಕಿ ಬೇರೆ ಊರಿಗೆ ಹೋದೆ, ಸರಿ. ಮೊದಲ ಸಂಬಳಕ್ಕೆ ಸೋರೆಕಾಯಿಯಷ್ಟು ಉದ್ದದ ಮೂಗಿನ ಹೊಸ ಕ್ಯಾಮೆರಾ ಕೊಂಡೆ, ಅದೂ ಸರಿ. ಆಮೇಲಿಂದ ಬಂದರೂ ತಾರಸಿಯ ಮೇಲೇ ಇರುತ್ತೀಯ. ಕೆರೆಯ ಆಚೆ ದಡದ ಕೊಕ್ಕರೆಯ ರೆಪ್ಪೆ ನಿನಗೆ ಕಾಣುತ್ತದೆ.

ಹೇಳಲು ಮರೆತೆ, ಕಿಟಕಿ ರಿಪೇರಿ ಆಯಿತು. ಹೋದ ತಿಂಗಳು ನೀನು ಬರುತ್ತೇನೆ ಅಂದಿದ್ದೆಯಲ್ಲ, ಅದರ ಹಿಂದಿನ ಸಂಜೆ ಗಾಳಿಗೆ ಬಡಿದು ಒಂದು ಗಾಜು ಒಡೆದಿತ್ತು. ಚಪ್ಪಲಿ ಡಬ್ಬಿಯ ಮುಚ್ಚಳ ಅಡ್ಡ ಇಟ್ಟೆ. ಭಾನುವಾರ ಇಬ್ಬರಿಗೆ ಅಡುಗೆ ಮಾಡಿ ಕಿಟಕಿಯಲ್ಲೇ ಕೂತಿದ್ದೆ. ಸಂಜೆ ನೀನು ಫೋನ್ ಮಾಡಿ, “ಇಲ್ಲಿಂದ ಹೊರಡೋಕೇ ಆಗ್ಲಿಲ್ಲ ಅಜ್ಜೀ, ಆಫೀಸಲ್ಲಿ ಸಿಕ್ಕಾಕೊಂಡೆ” ಅಂದೆ. ಹೋಗಲಿ ಬಿಡು ಅಂದೆ. ಮಾರನೆಯ ದಿನ ಬೆಳಿಗ್ಗೆಯೇ ಬಡಗಿ ಬಂದು ಹೊಸ ಗಾಜು ಕೂರಿಸಿದ. ಮುಚ್ಚಳ ಒಲೆಗೆ ಹೋಯಿತು. ಉಳಿದ ಅಡುಗೆಯನ್ನು ನಾನೇ ಎರಡು ದಿನ ಉಂಡೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ಕೊಕ್ಕರೆ ನೋಡಿದರೆ ಹೊಟ್ಟೆ ತುಂಬುವುದಿಲ್ಲ.

ನಾಲಿಗೆ ಮಾತ್ರ ಉದ್ದ, ಕೋಪ ಗಿಡ್ಡ,
ನಿನ್ನ ಅಜ್ಜಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂತಿದ್ದೆ. ಕನ್ನಡಕ ಒರೆಸಿಕೊಂಡು ನಿನ್ನ ಚಿತ್ರವನ್ನು ಮತ್ತೆ ನೋಡಿದೆ. ನನ್ನ ಮೊಣಕೈ ಪಕ್ಕ ಚಪ್ಪಲಿ ಡಬ್ಬಿಯ ಮುಚ್ಚಳ ಇದೆ. ಮೇಲಿನ ಅಕ್ಷರವನ್ನೂ ಓದಬಹುದು, ಉದ್ದ ಮೂಗಿನ ಕ್ಯಾಮೆರಾಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದು ಅಲ್ಲಿದ್ದದ್ದು ಆ ಒಂದು ಭಾನುವಾರ ಮಾತ್ರ. ನೀನು ದರ್ಜಿಯ ಅಂಗಡಿ ಪಕ್ಕ ನಿಂತಿರಬೇಕು. ನಾನು ಬಸ್ಸು ಬರುವ ಕಡೆಗೇ ನೋಡುತ್ತಿದ್ದೆ, ಅದಕ್ಕೇ ಕಾಣಲಿಲ್ಲ. ಮೆಟ್ಟಿಲು ಯಾಕೆ ಹತ್ತಲಿಲ್ಲ ಅಂತ ಕೇಳುವುದಿಲ್ಲ. ಪುಟ್ಟ ಕ್ಯಾಮೆರಾದ ಬ್ಯಾಟರಿಯನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದೇನೆ. ಹಸಿರು ದೀಪ ಬಂದರೆ ತುಂಬಿದೆ ಅಂತ ತಾನೇ?