ಮೂರು ಗಂಟೆ ಮುಂದಿನ ಗಡಿಯಾರ

ಶೆಲ್ಟನ್, ವಾಷಿಂಗ್ಟನ್
ಜುಲೈ 9, ಬುಧವಾರ

ಪ್ರೀತಿಯ ಲೊಲೆನ್ ಅಣ್ಣಾ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ, ಬೈಯಬೇಡ. ಊರಿನ ಶಾಲೆಯಲ್ಲಿ ಮೂರನೇ ತರಗತಿಗೆ ನಿಂತ ಕೈ ಇದು. ಮಿಕ್ಕದ್ದೆಲ್ಲ ನೀನು ಈ ಅಡುಗೆಮನೆಯ ಮೇಜಿನ ಮೇಲೆ ಕಲಿಸಿದ್ದು. ಹೂವಿನಂಗಡಿಗಳಿಗೆ ಸಲಾಲ್ ಎಲೆ ಕಿತ್ತೂ ಕಿತ್ತೂ ಬೆರಳು ಬೇರೆ ಮರಗಟ್ಟಿವೆ. ನೀನು ಹೇಗಿದ್ದೀಯ? ಅಲಾಸ್ಕಾದ ಮೀನಿನ ಕಾರ್ಖಾನೆಯಲ್ಲಿ ಒಣ ಗವಸು ಕೊಡುತ್ತಾರೆಯೇ? ಬಿಸಿ ಊಟ ಸಿಗುತ್ತದೆಯೇ? ಅಮ್ಮ ತೊರ್ತಿಯಾ ರೊಟ್ಟಿ ತಟ್ಟುವಾಗ ನಿನ್ನ ಪಾಲಿನದನ್ನೂ ತಟ್ಟಿಬಿಡುತ್ತಾಳೆ, ಆಮೇಲೆ ನೆನಪಾಗಿ ನನ್ನ ತಟ್ಟೆಗೆ ಹಾಕುತ್ತಾಳೆ. ನಾನು ದಪ್ಪಗಾದರೆ ಅದು ನಿನ್ನ ತಪ್ಪು.

ಈಗ ಸುದ್ದಿ. ಪೂರ್ವದ ಆ ಕಾನೂನು ಕಾಲೇಜಿನಿಂದ ಸೋಮವಾರ ಮಧ್ಯಾಹ್ನ ಕರೆ ಬಂತು. ಅಲಾಸ್ಕಾದಲ್ಲಿ ಫೋನ್ ಸಿಗ್ನಲ್ ಹಿಡಿಯುವುದಿಲ್ಲವೆಂದು ನಿನ್ನದನ್ನು ನನ್ನ ಕೈಗಿಟ್ಟು ಹೋಗುವಾಗ ಹೇಳಿದ್ದೆಯಲ್ಲ, "ಎವುಲ್, ಕಾಯೋ ಪಟ್ಟಿಯಲ್ಲಿ ಇರೋರಿಗೆ ಒಂದೇ ಸಲ ಫೋನ್ ಬರೋದು. ಅವ್ರು ಮಾತು ಮುಗಿಸೋ ಮೊದ್ಲೇ ಹೂಂ ಅನ್ನು." ಹಾಗೆ ಮಾಡಲಾಗಲಿಲ್ಲ. ಗುರುತಿಲ್ಲದ ನಂಬರ್ ಬಂದರೆ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ವಲಸೆ ಇಲಾಖೆಯವರಿರಬೇಕೆಂದು ಅಮ್ಮ ಫೋನನ್ನು ತೊರ್ತಿಯಾ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯೊಳಗಿಟ್ಟಳು. ಅದು ಅಲ್ಲೇ ಗುಂಯ್‌ಗುಟ್ಟಿ ಸುಮ್ಮನಾಯಿತು. ಬಿಟ್ಟಿದ್ದ ಸಂದೇಶವನ್ನು ನಾಲ್ಕು ಸಲ ಕೇಳಿದೆ: ಸೀಟು ಇದೆ, ಬುಧವಾರ ಅವರ ಮಧ್ಯಾಹ್ನ ಹನ್ನೆರಡರೊಳಗೆ ಉತ್ತರ ಬೇಕು, ಇಲ್ಲದಿದ್ದರೆ ಮುಂದಿನವರಿಗೆ.

ವಸಂತವೆಲ್ಲ ನೀನು ಕಾಲೇಜುಗಳ ಆ ರ‍್ಯಾಂಕ್ ಪಟ್ಟಿ ನೋಡುತ್ತ ಕೂತಿದ್ದೆ. ಇದು ಹದಿನಾಲ್ಕನೆಯದು, ಆಗಲೇ ಸೀಟು ಕೊಟ್ಟಿರುವ, ಮನೆಯಿಂದಲೇ ಹೋಗಿಬರಬಹುದಾದ ಕಾಲೇಜು ನೂರರ ಆಚೆ. ನಮಗಿಂತ ಮೂರು ಗಂಟೆ ಮುಂದಿರುವ ಪೂರ್ವದ ಹೊತ್ತು ತೋರಿಸಲು ನೀನು ಇನ್ನೊಂದು ಗಡಿಯಾರವನ್ನೇ ಅಡುಗೆಮನೆಯಲ್ಲಿ ತೂಗುಹಾಕಿದೆ. ಅಪ್ಪ ಗೇಲಿ ಮಾಡಿದ್ದ: "ನಮ್ಮ ಸಲಾಲ್ ಕಟ್ಟಿಗೂ ಎಲೆ ಕೊಳ್ಳೋ ಸಾಹುಕಾರ ಒಂದನೇ ದರ್ಜೆ, ಎರಡನೇ ದರ್ಜೆ ಅಂತಾನೆ ಕಣೋ. ಎಲೆ ಅದೇ ಕಾಡಿಂದು." ನೀನು ನಗಲಿಲ್ಲ.

ನನಗೆ ಕಲಿಯುವುದು ಎಂದರೆ ಆ ಪಟ್ಟಿಯಲ್ಲ ಅಣ್ಣಾ. ಅಮ್ಮನೂ ನಾನೂ ಇಲ್ಲಿಗೆ ಬರುವ ಮೊದಲು, ಹದಿಮೂರು ವರ್ಷದ ನೀನು ಕಾಡಿನ ದಾರಿಯಲ್ಲಿ ಕಾವಲುಗಾರನ ಕಾಗದ ಓದಿ, "ಅಪ್ಪಾ, ಸಹಿ ಹಾಕ್ಬೇಡ, ಕದ್ದಿದ್ದೀನಿ ಅಂತ ಬರ್ದಿದೆ ಇದ್ರಲ್ಲಿ" ಅಂದೆಯಲ್ಲ, ಅದು. ಅಪ್ಪ ಅದನ್ನು ನೂರು ಸಲ ಹೇಳಿದ್ದಾನೆ. ನಿನ್ನೆ ಮತ್ತೆ ನಮ್ಮ ವ್ಯಾನ್ ನಿಲ್ಲಿಸಿದರು. ಅಂಥದೇ ಕಾಗದ. ಅಪ್ಪ ಪೆನ್ನು ಹಿಡಿದು, ನೀನು ಕೂರುತ್ತಿದ್ದ ಸೀಟಿನ ಕಡೆ ತಿರುಗಿದ. ಅಲ್ಲಿ ನಾನಿದ್ದೆ. ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದತೊಡಗಿದೆ. "ಬೇಗ ಓದಮ್ಮ, ನಾನೂ ಮನೆಗೆ ಹೋಗ್ಬೇಕು" ಎಂದು ಕಾವಲುಗಾರ ನಕ್ಕ. ನಾನು ಬೆರಳು ಎತ್ತಲಿಲ್ಲ. ಕೊನೆಗೆ ಆ ಸಾಲು ಸಿಕ್ಕಿತು: ಪರವಾನಗಿ ಇಲ್ಲದೆ ಕಿತ್ತಿದ್ದೇನೆ, ಎಲೆಯನ್ನೆಲ್ಲ ಒಪ್ಪಿಸುತ್ತಿದ್ದೇನೆ. ನಮ್ಮ ಪರವಾನಗಿಯ ಅವಧಿ ಮುಗಿಯಲು ಇನ್ನೂ ಹತ್ತು ದಿನವಿತ್ತು. "ಹಾಕ್ಬೇಡ ಅಪ್ಪಾ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅಪ್ಪನಿಗೆ ಕೇಳಿಸಿತು. ಪೆನ್ನನ್ನು ಜೇಬಿಗಿಟ್ಟ. ಪರವಾನಗಿ ತೋರಿಸಿದೆವು, ಬಿಟ್ಟರು.

ಅಂಚೆಗೆ ಹಾಕುವ ಹೊತ್ತಾಯಿತು. ಅಪ್ಪ ಅಮ್ಮ ಹರಸಿದ್ದಾರೆ. ಮೀನು ಕೊಯ್ಯುವ ಯಂತ್ರದ ಹತ್ತಿರ ನಿದ್ದೆಗಣ್ಣಲ್ಲಿ ನಿಲ್ಲಬೇಡ ಎಂದು ಅಮ್ಮ ಎರಡು ಸಲ ಹೇಳಿದಳು.

ನಿನ್ನ ತಂಗಿ,
ಎವುಲ್

ತಾ.ಕ.: ಫೋನ್ ಸುತ್ತಿಟ್ಟವಳು ಅಮ್ಮ ಅಲ್ಲ, ನಾನು. ನೀನು ಫ್ರಿಜ್ಜಿಗೆ ಅಂಟಿಸಿದ್ದ ನಂಬರೇ ಅದೆಂದು ಗೊತ್ತಿದ್ದೂ ಸುತ್ತಿದೆ. ನೀನು ಇಲ್ಲೇ ಇರಬೇಕು, ನಮ್ಮ ಕಾಗದಗಳನ್ನು ನೀನೇ ಓದಬೇಕು ಅನ್ನಿಸಿತ್ತು. ಹೊತ್ತು ಮೀರಿಬಿಡಲಿ ಎಂದು ಸುಮ್ಮನಿದ್ದೆ. ನಿನ್ನೆ ವ್ಯಾನಿನಿಂದ ಇಳಿದ ಮೇಲೆ ಹಾಗಿರಲಾಗಲಿಲ್ಲ, ಆದರೆ ಅಷ್ಟೊತ್ತಿಗೆ ಅಲ್ಲಿನ ಕಚೇರಿ ಮುಚ್ಚಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಗಡಿಯಾರ ನಿಂತುಹೋಗಿದೆ. ನಮ್ಮದರಲ್ಲಿ ಎಂಟೂವರೆ. ಬೆರಳಲ್ಲಿ ಮೂರು ಎಣಿಸಿದೆ: ಅಲ್ಲಿ ಹನ್ನೊಂದೂವರೆ. ಕೂಡಲೇ ಕಾಲೇಜಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹೆಂಗಸು ಮಾತು ಮುಗಿಸುವ ಮೊದಲೇ ಹೂಂ ಅಂದೆ. "ಯಾರಮ್ಮ ನೀನು? ಯಾವುದಕ್ಕೆ ಹೂಂ?" ಅಂದಳು. ನಿನ್ನ ಹೆಸರು ಹೇಳಿದೆ. ತಂಗಿ ಉತ್ತರ ಕೊಡುತ್ತಾಳೆ ಎಂದು ನೀನು ಬರೆದುಕೊಟ್ಟದ್ದು ಅವಳ ಬಳಿ ಇತ್ತು. ಸೀಟು ನಿನ್ನದು. ಆಮೇಲೆ ಸ್ಟೂಲ್ ಹತ್ತಿ ಗಡಿಯಾರಕ್ಕೆ ಹೊಸ ಸೆಲ್ ಹಾಕಿ, ಮುಳ್ಳನ್ನು ಮೂರು ಗಂಟೆ ಮುಂದಿಟ್ಟೆ.