ಗೋಡೆಯ ಕೊನೆಯ ಸಾಲು

ಮಳೆಯೆಣಿಕೆಯ ಎಪ್ಪತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಎರಡನೆಯ ದಿನ
ಗದಗ

ಸಂಗವ್ವಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಶಿವಲೀಲಾ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ನಡುವೆ ಹತ್ತೊಂಬತ್ತು ವರ್ಷ ಮಳೆ ದಾರಿ ತಪ್ಪಿತ್ತು. ಅದು ಮರಳಿದ ವರ್ಷದಿಂದ ನಾವು ಹೊಸದಾಗಿ, ವರ್ಷಕ್ಕೆ ಹದಿಮೂರು ತಿಂಗಳಂತೆ ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಅರವತ್ತರ ಆಸುಪಾಸು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ಓದುವಾಗ ನಿಮಗೆ ಮೂವತ್ತೋ ಮೂವತ್ತೆರಡೋ, ನನಗೆ ಅರವತ್ತೆಂಟು. ಆದರೂ ನೀವೇ ಅಜ್ಜಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನನ್ನ ತಂಗಿ ತನ್ನದನ್ನು ತನ್ನ ಬಾಲ್ಯಕ್ಕೇ ಕಳಿಸಿ, ಮಾವಿನ ಗಿಡ ಹತ್ತಬೇಡ ಎಂದು ಬರೆದಳು. ಆ ಹುಡುಗಿ ಓದಿದಳು, ಹತ್ತಿಯೇ ಹತ್ತಿದಳು, ಕಾಲು ಮುರಿದುಕೊಂಡಳು. ಓಲೆ ಮುಟ್ಟುತ್ತದೆ, ಕೇಳುವುದು ಬಿಡುವುದು ಓದಿದವರ ಇಷ್ಟ.

ಮುರಿದ ಮುಂಗೈಗೆ ಸೆರಗು ಸುತ್ತಿಕೊಂಡು ಬಂದು, ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ, ಗಂಡನ ಏಟು ತಿಂದು ಬಂದ ಹೆಂಗಸರಿಗೆಂದು ನೀವು ಶುರುಮಾಡಿದ ಮನೆ ಈಗ ತಾಲೂಕಿಗೊಂದು ಇದೆ. ಅದಕ್ಕೆ ಎರಡನೆಯ ತವರು ಎನ್ನುತ್ತೇವೆ. ಮದುವೆಯಲ್ಲಿ ಹುಡುಗಿಯ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಕುಪ್ಪಸದ ಖಣದ ಜೊತೆ ಗಂಡನ ಊರಿನ ತವರಿನ ಕೀಲಿಕೈಯನ್ನೂ ಹಾಕುತ್ತೇವೆ, ಅದು ಉಡಿಗೀಲಿ. ಬಂದವಳಿಗೆ ಮೊದಲು ಬಿಸಿನೀರು, ಆಮೇಲೆ ನುಚ್ಚು ಮಜ್ಜಿಗೆ. ಮೂರು ದಿನ ಯಾರೂ ಏನೂ ಕೇಳುವುದಿಲ್ಲ. ನಾಲ್ಕನೆಯ ದಿನ ಜೊತೆಗಾತಿ ಬರುತ್ತಾಳೆ. ಅವಳೂ ಹಿಂದೊಮ್ಮೆ ಹೀಗೇ ಬಂದು ಉಳಿದವಳು. ಆಸ್ಪತ್ರೆಗೆ, ಕೋರ್ಟಿಗೆ, ಮಕ್ಕಳ ಶಾಲೆಗೆ ವರ್ಷವಿಡೀ ಜೊತೆಗೆ ನಡೆಯುತ್ತಾಳೆ. ಇದೆಲ್ಲ ನೀವು ಗೋಡೆಯ ಮೇಲೆ ಬರೆದಿಟ್ಟ ನಿಯಮ. ಪ್ರತಿ ವರ್ಷ ಸುಣ್ಣ ಬಳಿದ ಮೇಲೆ ಕೆಮ್ಮಣ್ಣಿನಲ್ಲಿ ಮತ್ತೆ ಬರೆಯುತ್ತೇವೆ.

ಕೊನೆಯ ಸಾಲು: ಗದಗಿನ ಬಾಗಿಲು ಕಾಯುವವಳು ನಮ್ಮ ಮನೆತನದವಳೇ ಆಗಿರಬೇಕು. ಯಾಕೆ ಬರೆದಿರೆಂದು ಬಲ್ಲೆ. ಮನೆತನಕ್ಕೆ ಹೊರಗಿನ ಕಾವಲುಗಾರ್ತಿಯೊಬ್ಬಳು, ಒಳಗಿದ್ದವಳೊಬ್ಬಳನ್ನು ಹುಡುಕಿ ಬಂದು ಅಳುತ್ತ ನಿಂತ ಗಂಡನ ಮೇಲೆ ಕನಿಕರಪಟ್ಟು ನಿಮ್ಮ ಮನೆ ತೋರಿಸಿಬಿಟ್ಟಿದ್ದಳು. ಅವನು ಕೊಂದ ಆ ಹೆಂಡತಿಯನ್ನು ಮಣ್ಣು ಮಾಡಿ ಬಂದು ನೀವು ಆ ಸಾಲು ಬರೆದಿರಿ. ಬರೆಯುವ ಮುಂಚೆಯೇ ಈ ಓಲೆ ಮುಟ್ಟಲಿ ಎಂದು ಬೇಡಿಕೊಂಡಿದ್ದೇನೆ.

ಆ ಸಾಲಿನ ದೆಸೆಯಿಂದ ಮೂವತ್ತೆರಡು ವರ್ಷ ಬಾಗಿಲು ಕಾದವಳು ನಾನು. ಹೊಸ್ತಿಲಲ್ಲಿ ಹೆಂಗಸು ತಲೆ ತಿರುಗಿಸುವ ರೀತಿಯಲ್ಲೇ ಏಟು ಎಲ್ಲಿ ಬಿದ್ದಿದೆ ಎಂದು ತಿಳಿಯುತ್ತಿತ್ತು. ಊರಿನವರು ಕೈ ಮುಗಿಯುತ್ತಿದ್ದರು. ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ನಿಮ್ಮ ಕಾಲದಲ್ಲೂ ಇದ್ದಿರಬೇಕು.

ನನ್ನ ಮಗ ಮಹಾಂತೇಶನ ಹೆಂಡತಿ ದಾಕ್ಷಾಯಿಣಿ. ಅವಳ ಉಡಿಗೆ ಕೀಲಿಕೈ ಹಾಕಿದವಳು ನಾನೇ. ಬೇಸಿಗೆಯಲ್ಲೂ ಮುಂಗೈವರೆಗೆ ತೋಳಿನ ಕುಪ್ಪಸ ತೊಡುತ್ತಿದ್ದಳು. ನೋಡಿದೆ, ಚಳಿ ಮೈ ಇರಬೇಕು ಅಂದುಕೊಂಡೆ. ಒಮ್ಮೆ ಬಾಯಿಬಿಟ್ಟು ಹೇಳಿದಳು. "ಸಿಟ್ಟಿನಾಂವ ಅದಾನ, ಮನಸ್ಸಿನಾಗ ಏನೂ ಇಲ್ಲವ್ವಾ" ಅಂದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಒಂದು ಮಧ್ಯಾಹ್ನ ತವರಿನ ಬಾಗಿಲಲ್ಲಿ ಕೀಲಿಕೈ ತಿರುಗಿದ ಸದ್ದಾಯಿತು. ತೆರೆದರೆ ಅವಳು, ತುಟಿ ಒಡೆದಿತ್ತು, ಕೈಯಲ್ಲಿ ನಾಲ್ಕು ವರ್ಷದ ಮಗಳ ಕೈ. ಬೇರೆ ಯಾರೇ ಆಗಿದ್ದರೂ ನೀರು ಕಾಸುತ್ತಿದ್ದೆ. ಅವಳಿಗೆ ಮಾತ್ರ, ನಡಿ, ಮನೆಯಲ್ಲಿ ಕೂತು ಮಾತಾಡೋಣ, ಯಾರಾದರೂ ನೋಡಿದರೆ ಏನಂದಾರು ಎಂದೆ. ನಾನೇ ಕೈಹಿಡಿದು ವಾಪಸು ಕರೆದುಕೊಂಡು ಹೋದೆ.

ಹನ್ನೊಂದು ದಿನದ ಮೇಲೆ ಮಗುವಿನೊಂದಿಗೆ ಮುಂಡರಗಿಯ ಎರಡನೆಯ ತವರಿಗೆ ಹೋದಳು. ಆ ಬಾಗಿಲಿಗೆ ಅವಳ ಕೀಲಿಕೈ ಹೊಂದಲಿಲ್ಲ. ಒಳಗಿನವರು ಬಂದು ತೆರೆದರು. ಮೊದಲ ವರ್ಷ ಊಟದ ಎಲೆಯಿಂದ ಏಳಲೂ ಅಪ್ಪಣೆ ಕೇಳುತ್ತಿದ್ದಳಂತೆ. ಜೊತೆಗಾತಿ ಹನುಮವ್ವ ಬೇಸರಿಸದೆ, ಕೇಳಬೇಡ, ಏಳು ಎನ್ನುತ್ತಿದ್ದಳಂತೆ. ಒಂದು ದಿನ ಕೇಳದೆ ಎದ್ದಳು. ಅಂದು ಮನೆಯವರೆಲ್ಲ ಹೋಳಿಗೆ ಮಾಡಿದರು. ಈಗ ಕಪ್ಪತಗುಡ್ಡದ ಮಂಜುಬಲೆಗಳ ಮೇಲ್ವಿಚಾರಣೆ ಅವಳದು. ಮಂಜನ್ನು ಹಿಡಿದು ಕುಡಿಯುವ ನೀರು ಮಾಡುವ ಬಲೆಗಳವು. ಇಪ್ಪತ್ತು ಜನ ಅವಳ ಮಾತು ಕೇಳುತ್ತಾರೆ.

ಮಗನನ್ನು ನಾನೇ ತಿದ್ದುಮನೆಗೆ, ಅಂದರೆ ಹೊಡೆದ ಗಂಡಸರನ್ನು ಇಟ್ಟು ತಿದ್ದುವ ಕಡೆಗೆ, ಬಿಟ್ಟು ಬಂದೆ. ಆಮೇಲೆ ಕ್ಷಮೆ ಕೇಳಲು ಮುಂಡರಗಿಗೆ ಹೋದೆ. ದಾಕ್ಷಾಯಿಣಿ ರೊಟ್ಟಿ ಬಡಿಸಿ, ತನ್ನ ಬಲಕ್ಕೆ ಕೂರಿಸಿಕೊಂಡಳು. ಎಡಗಿವಿ ಕೇಳಿಸದು, ಆ ಹನ್ನೊಂದು ದಿನಗಳಲ್ಲಿ ಹೋದದ್ದು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಅತ್ತಿ, ಬ್ಯಾರೆ ಯಾರರ ಬಾಗಲಾ ತಗದಿದ್ರ ನನ್ನ ಕಿವಿ ಉಳೀತಿತ್ತು" ಅಂದಳು. ಇನ್ನೊಂದು ರೊಟ್ಟಿ ಹಾಕಿದಳು. ಕ್ಷಮಿಸಿದೆ ಎನ್ನಲಿಲ್ಲ, ನಾನು ಮತ್ತೆ ಕೇಳಲಿಲ್ಲ.

ಅಜ್ಜಿ, ಆ ಸಾಲು ಬರೆಯಬೇಡಿ. ಬಂದವಳ ಸಂಬಂಧಿಕರು ಅವಳಿಗೆ ಬಾಗಿಲು ತೆಗೆಯಬಾರದು ಎಂದು ಬರೆಯಿರಿ. ಒಂದೇ ಕೀಲಿಕೈ ಎಲ್ಲ ಊರಿನ ತವರಿಗೂ ಹೊಂದಲಿ. ನೀವು ಕೇಳಿದರೆ ನನ್ನ ಮೂವತ್ತೆರಡು ವರ್ಷ ಇಲ್ಲವಾಗುತ್ತದೆ. ನಾನು ಒಳಗೆ ಕರೆದ ನೂರಾರು ಹೆಂಗಸರಿಗೆ ಬೇರೆ ಯಾರೋ ನೀರು ಕಾಸುತ್ತಾರೆ. ಕಾಸಲಿ. ಆ ಮಧ್ಯಾಹ್ನ ದಾಕ್ಷಾಯಿಣಿ ಬಂದಾಗ, ಅವಳು ಯಾರ ಸೊಸೆ ಎಂದು ಗೊತ್ತಿಲ್ಲದವಳೊಬ್ಬಳು ಬಾಗಿಲು ತೆಗೆದು, ಮೂರು ದಿನ ಏನೂ ಕೇಳದಿರಲಿ.

ಶಿವಲೀಲಾ