ಹಾರ್ಮ್ ಅವರ ಕಡೆಯ ಬಂದೂಕು

ಬೆಸ್ಟ್
ಸೋಮವಾರ, 15 ನವೆಂಬರ್ 1999

ಅನಂತರಾಮ ಅವರಿಗೆ ಪದ್ಮಿನಿಯ ನಮಸ್ಕಾರ.

ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಕ್ಷೇಮ ಎಂದು ಬರೆಯೋಣವೆಂದರೆ ಈ ಮನೆಯಲ್ಲಿ ಇರುವವಳು ನಾನೊಬ್ಬಳೇ, ನಾನು ಕ್ಷೇಮವಾಗಿಲ್ಲ. ಶನಿವಾರ ಬೆಳಿಗ್ಗೆ ಹಾರ್ಮ್ ಅವರು ತೀರಿಕೊಂಡರು. ಶುಕ್ರವಾರ ಹನ್ನೊಂದು ಗಂಟೆಗೆ ಮಣ್ಣು ಮಾಡುತ್ತಾರೆ. ಅವರ ಮಗಳು ಲೀನ್ ನಿಮ್ಮ ನೈಮೆಗನ್ ವಿಳಾಸ ಕೇಳಿ ಬರೆದುಕೊಂಡಳು. ಅವಳು ಕಳಿಸುವ ಸಾವಿನ ಕಾರ್ಡಿಗಿಂತ ಮೊದಲು ಈ ಕಾಗದ ನಿಮಗೆ ಸಿಗಬೇಕು.

ನಿಮ್ಮ ರೈಫಲ್ಲಿನಿಂದ ಆ ದಿನ ಗುಂಡು ಯಾಕೆ ಹಾರಲಿಲ್ಲ ಎಂಬುದು ನನಗೆ ಗೊತ್ತು. ಒಂದೂಮುಕ್ಕಾಲು ವರ್ಷದಿಂದ ಗೊತ್ತು.

ನಿಮಗೆ ಹಾರ್ಮ್ ಅವರು ಈಗ ಹೇಗೆ ನೆನಪಿದ್ದಾರೋ ಕಾಣೆ. ನನಗೆ ಅವರು ಎರಡು ಮನೆಯಾಚೆಯ ಶೆಡ್ಡಿನಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಇದ್ದಾರೆ. ನಾನು ಈ ಡಚ್ಚರ ದೇಶಕ್ಕೆ ಬಂದ ಹೊಸತರಲ್ಲಿ, ತಮ್ಮ ಅರವತ್ತೆಂಟರ ವಯಸ್ಸಿನಲ್ಲಿ, ನನ್ನ ಸೈಕಲ್ಲಿನ ಹಿಂದೆ ಓಡಿ ಓಡಿ ಕಲಿಸಿದವರು ಅವರು. ನಮ್ಮ ಇಂಗಿನ ಒಗ್ಗರಣೆಗೆ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಂಡರೆ ಅವರು ಮಾತ್ರ ಬಟ್ಟಲು ಹಿಡಿದು ಸಾರಿಗೆ ಬರುತ್ತಿದ್ದರು. ತನ್ನ ಮೂಗಿಗೆ ವಾಸನೆಯೇ ಹತ್ತುವುದಿಲ್ಲ, ನಿಮ್ಮಂಥವರ ಪಕ್ಕದಲ್ಲಿರಲೆಂದೇ ದೇವರು ತನ್ನನ್ನು ಹೀಗೆ ಮಾಡಿದ್ದಾನೆ ಎಂದು ನಗುತ್ತಿದ್ದರು. ಮೂಗು ಹೋಗುವುದೂ ಕೈ ನಡುಗುವುದೂ ಒಂದೇ ಕಾಯಿಲೆಯ ಲಕ್ಷಣ ಎಂದು ಡಾಕ್ಟರು ಹೇಳಿದ್ದು ಆಮೇಲೆ.

ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು, ಆದರೂ ನಿಮ್ಮ ಹಳೆಯ ಬೋಲ್ಟ್ ಆಕ್ಷನ್ ರೈಫಲ್ಲನ್ನು ಪೂರ್ತಿ ಕಳಚಿ, ದರ್ಜಿ ಅಳತೆ ತೆಗೆದು ಹೊಲಿದ ಹಾಗೆ ನಿಮಗೆಂದೇ ಮತ್ತೆ ಕಟ್ಟಿಕೊಟ್ಟರು. ನಿಮ್ಮ ಗಿಡ್ಡ ತೋಳಿಗೆ ತಕ್ಕ ಮರದ ಹಿಡಿ, ಹೊಸ ಟ್ರಿಗರ್, ಹಿಂದೆ ಮುಂದೆ ಸರಿಯುವ ಬೋಲ್ಟಿನೊಳಗೆ, ತೋಟಾಕ್ಕೆ ಬಡಿದು ಗುಂಡು ಹಾರಿಸಲೆಂದು ಅವರೇ ಲೇತಿನಲ್ಲಿ ಕಡೆದ ಹಗುರವಾದ ಫೈರಿಂಗ್ ಪಿನ್. ಮೈಸೂರಿನ ಎನ್‌ಸಿಸಿ ಕ್ಯಾಂಪಿನಲ್ಲಿ ಗುರಿ ಹೊಡೆದದ್ದನ್ನು ಹದಿನೈದು ವರ್ಷ ಹೇಳಿಕೊಂಡು ತಿರುಗಿದ ನಿಮಗೆ ಅದು ಕೈಗೆ ಬಂದ ದಿನ ಊಟವೇ ಸೇರಲಿಲ್ಲ. ಇದೇ ತನ್ನ ಕಡೆಯ ಕೆಲಸ, ಇದು ಸರಿಯಾಗಿ ನಡೆದರೆ ಸೋತು ಬಿಟ್ಟೆ ಅನ್ನಿಸದೆ ಕಸುಬು ಬಿಡಬಹುದು ಎಂದು ಅವರು ನನ್ನೊಡನೆ ಹೇಳಿದ್ದರು. ನಿಮ್ಮೊಡನೆ ಹೇಳಿರಲಿಕ್ಕಿಲ್ಲ.

ಹೋದ ವರ್ಷ ಜನವರಿಯ ಆ ಭಾನುವಾರ ಪ್ರಾಂತ್ಯದ ಶೂಟಿಂಗ್ ತಂಡಕ್ಕೆ ಆಯ್ಕೆ ಇತ್ತು. ಆ ಚಳಿಗಾಲದಲ್ಲಿ ಬಂದೂಕನ್ನು ಬಯಲಿಗೆ ತಂದದ್ದು ಅದೇ ಮೊದಲು, ಹುಲ್ಲೆಲ್ಲ ಹಿಮಗಟ್ಟಿ ಬೆಳ್ಳಗಿತ್ತು. ನೀವು ಟ್ರಿಗರ್ ಎಳೆದಿರಿ, ಟಿಕ್ ಎಂದಿತು, ಅಷ್ಟೇ. ನಿಯಮದಂತೆ ಮೂತಿಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ಬೋಲ್ಟ್ ಎಳೆದರೆ, ತೋಟಾದ ಅಂಚಿನಲ್ಲಿ ಉಗುರು ತಾಗಿದಷ್ಟೇ ಗುರುತು. ಬೇರೆ ತೋಟಾ ಹಾಕಿದಿರಿ, ಮತ್ತೆ ಟಿಕ್. ಐದನೆಯದಕ್ಕೆ ನೀವು ಎದ್ದು ಬಂದಿರಿ.

ಬುಧವಾರ ನಿಮ್ಮ ಶೂಟಿಂಗ್ ಕ್ಲಬ್ಬಿನ ಒಳಾಂಗಣದಲ್ಲಿ, ಹೀಟರಿನ ಬಿಸಿಯಲ್ಲಿ, ಅದೇ ಬಂದೂಕು ಹತ್ತಕ್ಕೆ ಹತ್ತೂ ಹಾರಿಸಿತು. ಹೊರಗೆ ತಂದರೆ ಮತ್ತೆ ಟಿಕ್. ಎರಡು ವಾರ ನೀವಿಬ್ಬರೂ ಅದರ ಹಿಂದೆಯೇ ಬಿದ್ದಿರಿ. ತೋಟಾಗಳ ಡಬ್ಬಿ ಬದಲಾಯಿಸಿದಿರಿ, ಟ್ರಿಗರ್ ಬಿಚ್ಚಿ ಜೋಡಿಸಿದಿರಿ. ಪಿನ್ನನ್ನೇ ಕೂದಲೆಳೆಯಷ್ಟು ಗಿಡ್ಡ ಮಾಡಿಬಿಟ್ಟೆನೇನೋ ಎಂಬ ಅನುಮಾನ ಮೊದಲು ಬಂದದ್ದು ಹಾರ್ಮ್ ಅವರಿಗೇ. ಅಳೆಯಲು ಹೋದರೆ ಕೈ ನಡುಗಿ ಪ್ರತಿ ಸಲವೂ ಬೇರೆ ಅಳತೆ ಬರುತ್ತಿತ್ತು. ಕಡೆಗೆ ಬೋಲ್ಟನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಂಗಡಿಯ ಪಿನ್ನು, ಅಂಗಡಿಯ ಸ್ಪ್ರಿಂಗು ಹಾಕಿದರು. ಆಮೇಲೆ ಚಳಿಯಲ್ಲೂ ಹಾರಿತು. ತಪ್ಪು ಅವರ ಪಿನ್ನಿನದೆಂದು ಅಲ್ಲಿಗೆ ತೀರ್ಮಾನವಾಯಿತು. ನೀವು ಶೆಡ್ಡಿನ ಬಾಗಿಲಲ್ಲಿ, ಕ್ಲಬ್ಬಿನ ಇಬ್ಬರ ಎದುರಿಗೆ, ಕೈ ನಡುಗುವವರು ಇಂಥ ಕೆಲಸಕ್ಕೆ ಕೈ ಹಾಕಬಾರದಿತ್ತು ಎಂದಿರಿ. ಅವರು ಹೌದು ಎಂದರು.

ಈಗ ನನ್ನ ತಪ್ಪಿನ ಮಾತು. ಆ ಜನವರಿಗೆ ಮೂರು ತಿಂಗಳ ಹಿಂದೆ ಆಯುಧಪೂಜೆ. ಚಾಕು, ಮಿಕ್ಸಿ, ಎರಡು ಸೈಕಲ್ಲು, ನಿಮ್ಮ ಕಂಪ್ಯೂಟರು, ಎಲ್ಲಕ್ಕೂ ಹೂವೇರಿಸಿದ್ದೆ. ಬೆಳಿಗ್ಗೆ ಆಫೀಸಿಗೆ ಹೊರಟ ನೀವು, "ಆ ಗನ್‌ಗೆ ಮಾತ್ರ ಕುಂಕುಮ ಗಿಂಕುಮ ಹಚ್ಬೇಡ ಪದ್ದು, ಲೈಸೆನ್ಸ್ ನಂದು, ನೀನು ಮುಟ್ಟೋ ಹಾಗೇ ಇಲ್ಲ" ಎಂದಿರಿ. ಮನೆಯಲ್ಲಿರುವ ಒಂದೇ ಒಂದು ನಿಜವಾದ ಆಯುಧಕ್ಕೆ ಪೂಜೆಯಿಲ್ಲ, ಈಳಿಗೆಮಣೆಗೆ ಮಂಗಳಾರತಿ. ನನಗೆ ತಡೆಯಲಿಲ್ಲ. ನಿಮ್ಮ ಹಳೆ ಕೋಟಿನ ಜೇಬಿನಲ್ಲಿ ಬಂದೂಕಿನ ಬೀರುವಿನ ಕೀ ಇರುವುದು ಗೊತ್ತಿತ್ತು. ಕುಂಕುಮ ಹಚ್ಚಿದರೆ ಸಿಕ್ಕಿಬೀಳುತ್ತೇನೆಂದು ಅಜ್ಜಿ ಹೊಲಿಗೆ ಮಿಷನ್ನಿಗೆ ಮಾಡುತ್ತಿದ್ದ ಹಾಗೆ ಬೋಲ್ಟಿನ ಸಂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ನಿಮಗೆ ಗೆಲುವಾಗಲಿ ಎಂದು ಕೈಮುಗಿದು, ಒರೆಸಿ ಇಟ್ಟೆ. ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿತ್ತು. ಹೀಟರ್ ಮೇಲಿಟ್ಟು ಕರಗಿಸಿಕೊಂಡವಳು ನಾನೇ. ಮತ್ತೆ ತಣ್ಣಗಾದರೆ ಅದು ಏನಾಗುತ್ತದೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಫೆಬ್ರವರಿಯಲ್ಲಿ, ಎಣ್ಣೆ ಸ್ನಾನಕ್ಕೆಂದು ಬಾಟಲಿ ಬಗ್ಗಿಸಿದಾಗ. ಚಳಿಗೆ ಬೋಲ್ಟಿನೊಳಗೆ ಎಣ್ಣೆ ಹೆಪ್ಪುಗಟ್ಟಿ ಪಿನ್ನಿನ ಓಟ ತಡೆದಿತ್ತು. ಬೆಚ್ಚಗಾದರೆ ಕರಗುತ್ತಿತ್ತು. ಕಡೆಗೆ ಸರಿಹೋದದ್ದು ಸೀಮೆಎಣ್ಣೆ ಅದನ್ನು ತೊಳೆದು ಹಾಕಿದ್ದರಿಂದ, ಅಂಗಡಿಯ ಪಿನ್ನಿನಿಂದಲ್ಲ. ಹಾರ್ಮ್ ಅವರಿಗೆ ವಾಸನೆ ಹತ್ತುವಂತಿದ್ದರೆ ಬಿಚ್ಚಿದ ಕೂಡಲೇ ತಿಳಿಯುತ್ತಿತ್ತು. ಇಷ್ಟೆಲ್ಲ ನಾನು ಒದ್ದೆ ನೆಲದ ಮೇಲೆ ನಿಂತು ಐದು ನಿಮಿಷದಲ್ಲಿ ಅರ್ಥ ಮಾಡಿಕೊಂಡೆ. ಅವರ ಲೇತ್ ಆಗ ಇನ್ನೂ ಶೆಡ್ಡಿನಲ್ಲೇ ಇತ್ತು. ಮಾರ್ಚಿನಲ್ಲಿ ಅದನ್ನು ಮಾರಿ ವ್ಯಾನಿಗೆ ಏರಿಸುವಾಗ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ಮೊದಲು ನಿಮ್ಮ ಸಿಟ್ಟಿಗೆ ಹೆದರಿದೆ. ಆಮೇಲೆ ನಿಮ್ಮ ಲೈಸೆನ್ಸ್ ಹೋದೀತೆಂದು ಹೆದರಿದೆ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿದೆ. ಆ ಹೆದರಿಕೆಯನ್ನೆಲ್ಲ ನಿಮ್ಮ ಮೇಲೆಯೇ ಕಾರಿದೆ. ಮುದುಕರೊಬ್ಬರನ್ನು ಹಾಗೆ ಅವಮಾನಿಸಿದ ಗಂಡಸಿನ ಜೊತೆ ಒಂದೇ ಮನೆಯಲ್ಲಿ ಇರಲಾರೆ ಎಂದು ಸೆಪ್ಟೆಂಬರಿನಲ್ಲಿ ನಾನು ಕೂಗಾಡಿದ್ದು ನಿಮಗೆ ನೆನಪಿರಬೇಕು. ನೀವು ತಲೆ ತಗ್ಗಿಸಿ ಪೆಟ್ಟಿಗೆ ಕಟ್ಟಿದಿರಿ. ನಿಮ್ಮ ಮಾತು ಒರಟಾಗಿತ್ತು, ನಿಜ. ಆದರೆ ಆ ಮಾತಿಗೆ ಕಾರಣ ಒದಗಿಸಿದವಳು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಹಾರ್ಮ್ ಅವರದು ನಾಲ್ಕು ಹನಿ ಎಣ್ಣೆಗೆ ಹೋಯಿತು.

ಕಳೆದ ಮಂಗಳವಾರ ಮಧ್ಯಾಹ್ನ ಎಣ್ಣೆಯ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು, ಅವರನ್ನು ಸೇರಿಸಿದ್ದ ಆರೈಕೆಯ ಮನೆಗೆ ಹೋದೆ. ಬಾಟಲಿಯನ್ನು ಅವರ ಕೈಗಿಟ್ಟು ನನ್ನ ಹರುಕುಮುರುಕು ಡಚ್ಚಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಅದನ್ನು ಓರೆ ಮಾಡಿ ನೋಡಿದರು. ಒಳಗಿನ ಬಿಳಿ ಗಡ್ಡೆ ಅಲುಗಲಿಲ್ಲ. ಜೀವಮಾನವೆಲ್ಲ ಯಂತ್ರಗಳ ಜೊತೆ ಬಾಳಿದವರು, ತಕ್ಷಣ ತಿಳಿಯಿತು. ಕೆಮ್ಮು ಬರುವವರೆಗೆ ನಕ್ಕರು. ಹಾಗಾದರೆ ತಪ್ಪು ಕೈಯದಲ್ಲ, ಪಿನ್ನು ಸರಿಯಾಗಿಯೇ ಇತ್ತು ಎಂದು ಎರಡು ಮೂರು ಸಲ ಹೇಳಿಕೊಂಡರು. ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ.

ನಿಮ್ಮಿಂದ ಕೇಳುವುದು ಒಂದೇ. ಶುಕ್ರವಾರ ಬನ್ನಿ. ನನ್ನ ಸಲುವಾಗಿ ಬೇಡ. ಕ್ಲಬ್ಬಿನವರು ಇರುತ್ತಾರೆ, ಲೀನ್ ಇರುತ್ತಾಳೆ. ಅಪ್ಪ ಕಡೆಯದಾಗಿ ಮಾಡಿದ ಕೆಲಸ ಕೆಟ್ಟಿತೆಂದೇ ಅವಳೂ ತಿಳಿದಿದ್ದಾಳೆ. ಆ ಬಂದೂಕಿನಲ್ಲಿ ಏನೂ ದೋಷವಿರಲಿಲ್ಲ ಎಂದು ಅವರೆಲ್ಲರ ಎದುರಿಗೆ ನೀವು ಹೇಳಬೇಕು. ಯಾರ ತಪ್ಪು ಎಂದು ಕೇಳಿದರೆ ನನ್ನನ್ನು ತೋರಿಸಿ. ನಾನು ಅಲ್ಲೇ ನಿಂತಿರುತ್ತೇನೆ.

ಇತಿ,
ನಿಮ್ಮವಳು ಎಂದು ಬರೆಯಲು ಬಾಯಿಲ್ಲದ
ಪದ್ಮಿನಿ

ಮತ್ತೆ: ಅಂಟಿಸಿದ ಲಕೋಟೆಯನ್ನು ಒಡೆದು ಬರೆಯುತ್ತಿದ್ದೇನೆ. ಮಂಗಳವಾರದ ಸಂಗತಿ ಸುಳ್ಳು. ಹೋದದ್ದು ನಿಜ, ಬಾಟಲಿ ಚೀಲದಲ್ಲಿದ್ದದ್ದೂ ನಿಜ, ಹೊರಗೆ ತೆಗೆಯಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ನಿಮ್ಮ ವಿಚಾರ ಕೇಳಿದರು. ಅಷ್ಟು ಒಳ್ಳೆಯ ಅವಕಾಶ ತನ್ನ ಕೈಯಿಂದಾಗಿ ಹಾಳಾಯಿತು, ಅನಂತ ತನ್ನನ್ನು ಕ್ಷಮಿಸಲಿ, ಇದನ್ನು ಅವನಿಗೆ ಮರೆಯದೆ ತಿಳಿಸು ಎಂದರು. ತಿಳಿಸುತ್ತೇನೆ ಎಂದೆ. ಸಾರು ಕುಡಿಸಿ, ಅವರ ಕೈ ಒರೆಸಿ, ಬಸ್ಸು ಹಿಡಿದು ಮನೆಗೆ ಬಂದೆ.